ಹೊಸ್ತಿಲಿಗೆ ಮರಳುತ್ತಿದ್ದ ಚಿಟ್ಟೆಗಳು

ಗದಗ-ಬೆಟಗೇರಿ,
ಚಿಗುರೆಣಿಕೆಯ ತೊಂಬತ್ತನೇ ವರ್ಷ, ಮಳೆಬಿಡುವಿನ ಎರಡನೇ ಮಂಗಳವಾರ

ಮನೆಯಲ್ಲಿ ಚಿಟ್ಟೆ ಸಾಕುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಒಣಗಿ ಬೋಳಾಗಿದ್ದ ಕಪ್ಪತಗುಡ್ಡದಲ್ಲಿ ಮತ್ತೆ ಚಿಗುರು ಕಂಡ ವರ್ಷವನ್ನು ಒಂದು ಎಂದು ಹಿಡಿದು ನಾವು ಲೆಕ್ಕ ಹಾಕುತ್ತೇವೆ. ಅದಕ್ಕೇ ಚಿಗುರೆಣಿಕೆ ಎಂಬ ಹೆಸರು. ಮಳೆಬಿಡುವು ಎಂದರೆ ಮುಂಗಾರು ಪೂರ್ತಿ ನಿಂತು ಆಕಾಶ ತೊಳೆದಂತೆ ಕಾಣುವ ವಾರಗಳು. ನಿಮ್ಮ ಎಣಿಕೆಗೆ ತಂದರೆ ಇದು ಇಪ್ಪತ್ತೆರಡನೇ ಶತಮಾನದ ಕೊನೆಯ ಭಾಗದ ಒಂದು ಅಕ್ಟೋಬರ್ ಇರಬೇಕು.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾವು ಬರೆಯುವ ಕನ್ನಡ ನಿಮ್ಮದಕ್ಕಿಂತ ಬಹಳ ದೂರ ಬಂದಿದೆ. ನಿಮಗೆ ಅರ್ಥವಾಗಲಿ ಎಂದು ನಿಮ್ಮ ಕಾಲದ ದಿನಪತ್ರಿಕೆಗಳನ್ನು ಓದಿ, ಆ ಕನ್ನಡವನ್ನು ಕಲಿತುಕೊಂಡು ಇದನ್ನು ಬರೆಯುತ್ತಿದ್ದೇನೆ. ಮದುವೆಗೆ ಬಾಡಿಗೆ ಕೋಟು ಹಾಕಿಕೊಂಡು ಬಂದವನ ಹಾಗೆ ಅಲ್ಲಲ್ಲಿ ತೋಳು ಉದ್ದವಾಗಿ ಕಾಣಬಹುದು. ಮನೆಮಾತು ಮಾತ್ರ ಹೆಚ್ಚು ಬದಲಾಗಿಲ್ಲ. ಗದಗಿನ ಹೆಂಗಸರು ಬೈಯುವುದನ್ನು ಕೇಳಿದರೆ ನಿಮಗೆ ಒಂದಕ್ಷರವೂ ಬಿಡದೆ ಅರ್ಥವಾಗುತ್ತದೆ.

ಹಿಂದಿನವರಿಗೆ ಹೀಗೆ ಬರೆಯುವ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ನಮ್ಮ ‘ಬೆಟಗೇರಿ ಬೆಳಗು’ ಪತ್ರಿಕೆಯ ವರದಿಗಾರರು ವರ್ಷಕ್ಕೊಬ್ಬರಂತೆ ಒಂದು ಹಿಂದೋಲೆ ಬರೆಯಬೇಕು. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಯಾರಿಗೆ ಬರೆಯಬೇಕು ಎಂಬುದು ಬರೆಯುವವರ ಇಷ್ಟ. ನನಗಿಂತ ಮೊದಲಿನ ವರದಿಗಾರರು ಅಣೆಕಟ್ಟು ಕಟ್ಟಿದವರಿಗೆ, ಲಸಿಕೆ ಕಂಡುಹಿಡಿದವರಿಗೆ ಬರೆದಿದ್ದಾರೆ. ಈ ಸಲ ಸರದಿ ನನ್ನದು. ನಾನು ನಿಮ್ಮನ್ನು ಆರಿಸಿಕೊಂಡಿದ್ದೇನೆ.

ನೀವು ಮಾಡುತ್ತಿರುವುದು ಎಷ್ಟು ದೊಡ್ಡ ಕೆಲಸ ಎಂದು ನಿಮಗೆ ತಿಳಿದಿರಲಿಕ್ಕಿಲ್ಲ. ನಿಮ್ಮ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಒಂದು ಹುಳು ಸಿಗುತ್ತದೆ. ಒಗ್ಗರಣೆಗೆ ಎಲೆ ಕೀಳಲು ಬಂದವರು ಅದನ್ನು ಕೆಳಗೆ ಬಿಸಾಡಬೇಕು ಎನ್ನುವಷ್ಟರಲ್ಲಿ ಮನೆಯ ಮಗು ಬೇಡ ಎಂದು ಹಟ ಹಿಡಿಯುತ್ತದೆ. ಉಪ್ಪಿನಕಾಯಿಯ ಗಾಜಿನ ಭರಣಿ ಖಾಲಿಯಾಗುತ್ತದೆ, ಹಳೆಯ ಪಂಚೆಯ ತುಂಡು ಅದರ ಬಾಯಿಗೆ ಬರುತ್ತದೆ. ಮೂರನೇ ದಿನಕ್ಕೆ ಎಲೆ ಸಾಲದೆ, ಮನೆಯ ಯಜಮಾನರು ಪಕ್ಕದ ಮನೆಯವರ ಮುಂದೆ ನಿಂತು, ನಮ್ಮ ಹುಳಕ್ಕೆ ಸ್ವಲ್ಪ ಕರಿಬೇವು ಕೊಡಿ ಎಂದು ಸಂಕೋಚದಿಂದ ಕೇಳುತ್ತಾರೆ. ಕೋಶ ಒಡೆಯುವ ಬೆಳಿಗ್ಗೆ ಶಾಲೆಯ ಬಸ್ಸು ತಪ್ಪುತ್ತದೆ, ಹಾಲು ಉಕ್ಕುತ್ತದೆ. ನಿಮ್ಮ ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಇಂಥ ಮನೆಗಳ ಬಗ್ಗೆ ಓದಿದ್ದೇನೆ. ಅದನ್ನು ನೀವು ಹವ್ಯಾಸ ಎಂದು ಕರೆದಿದ್ದೀರಿ. ನಿಮ್ಮ ನಂತರ ಬಂದ ಬರಿಗಾಳಿಯ ವರ್ಷಗಳಲ್ಲಿ, ಅಂದರೆ ಬಿಸಿಲಿಗೂ ಔಷಧದ ಸಿಂಪಡಣೆಗೂ ಸಿಕ್ಕಿ ಹೊರಗೆ ರೆಕ್ಕೆಯಿರುವ ಯಾವುದೂ ಹಾರಾಡದೆ ಹೋದ ಕಾಲದಲ್ಲಿ, ಉಳಿದ ಚಿಟ್ಟೆಗಳು ಉಳಿದದ್ದು ಅಂಥ ಮನೆಗಳಲ್ಲೇ. ಮೊಟ್ಟೆ ಇಟ್ಟ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆಂಟರ ಮನೆಯಿಂದ ನೆಂಟರ ಮನೆಗೆ, ಊರಿನಿಂದ ಊರಿಗೆ ಸಾಗಿಸಿದವರು ನಿಮ್ಮ ಮಕ್ಕಳು ಮತ್ತು ಮೊಮ್ಮಕ್ಕಳು. ಕಪ್ಪತಗುಡ್ಡಕ್ಕೆ ಚಿಟ್ಟೆ ಹಿಂತಿರುಗಿದ್ದು ಬೇರೆ ಕಾಡಿನಿಂದಲ್ಲ, ಅಡುಗೆಮನೆಗಳಿಂದ. ಇದು ಉತ್ಪ್ರೇಕ್ಷೆಯಲ್ಲ, ನಮ್ಮ ಶಾಲೆಗಳಲ್ಲಿ ಹೇಳಿಕೊಡುವ ಪಾಠ.

ಈಗ ನಮ್ಮ ಕಡೆಯ ವಿಷಯ. ನಮ್ಮ ದಿನಚರಿ ತಿಳಿಯದೆ ಅದು ಅರ್ಥವಾಗದು. ಇಲ್ಲಿ ಹೊಲ, ಮಗ್ಗ, ಕಚೇರಿ, ಶಾಲೆ ಎಲ್ಲವೂ ನಸುಕಿನಲ್ಲಿ ಶುರುವಾಗಿ ಹೊತ್ತು ನೆತ್ತಿಗೇರುವ ಮೊದಲು ಮುಗಿಯುತ್ತವೆ. ಆಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಇದನ್ನು ಬಿಸಿಲುಬಂದ್ ಎನ್ನುತ್ತೇವೆ. ನಿಮ್ಮ ಕಾಲದ ಬಂದ್‌ಗಳಂತೆ ಇದಕ್ಕೆ ಕರೆ ಕೊಡುವವರಿಲ್ಲ, ಹೊತ್ತು ಇಳಿದ ಮೇಲೆ ತಾನೇ ಮುಗಿಯುತ್ತದೆ. ಆ ಹೊತ್ತಿಗಾಗಿ ಪ್ರತಿ ಮನೆಯ ನಡುವೆ ದಪ್ಪ ಮಣ್ಣುಗೋಡೆಯ, ನೆಲಕ್ಕಿಂತ ತುಸು ತಗ್ಗಿನ ಒಂದು ಕೋಣೆ ಇರುತ್ತದೆ. ಒದ್ದೆ ಗೋಣಿಯ ಪರದೆ, ನೀರು ತುಂಬಿದ ಗಡಿಗೆಗಳು, ಹಗಲಿರುಳು ಒಂದೇ ಹದದ ಮಂದ ಬೆಳಕು. ಅಜ್ಜಿಯಿಂದ ಹಿಡಿದು ಕೂಸಿನ ತನಕ ಎಲ್ಲರೂ ಅಲ್ಲೇ. ಮನುಷ್ಯರಿಗೇ ತಾಳದ ಬಿಸಿಲು ಹುಳುಗಳಿಗೆ ಹೇಗೆ ತಾಳಬೇಕು ಎಂದು ನಮ್ಮ ಹಿರಿಯರು ಮರುಕಪಟ್ಟು ಅವನ್ನೂ ಒಳಗೆ ತಂದುಕೊಂಡರು. ಹೀಗಾಗಿ ಆ ಕೋಣೆಗೆ ಹುಳಮನೆ ಎಂದೇ ಹೆಸರಾಯಿತು. ಬಿದಿರಿನ ಅಟ್ಟಗಳ ಮೇಲೆ ಹುಳುಗಳು ಎಲೆ ಮೇಯುತ್ತಿರುತ್ತವೆ, ಕೆಳಗೆ ಮನೆಯವರು ಬೆಳ್ಳುಳ್ಳಿ ಬಿಡಿಸುತ್ತಾರೆ, ಲೆಕ್ಕ ಮಾಡುತ್ತಾರೆ, ಗೊರಕೆ ಹೊಡೆಯುತ್ತಾರೆ. ನೀವು ಪ್ಯೂಪಾ ಎನ್ನುವ ಕೋಶವನ್ನು ನಾವು ಝುಮುಕಿ ಎನ್ನುತ್ತೇವೆ. ಹಸಿರು ಮೈಗೆ ಬಂಗಾರದ ಚುಕ್ಕೆ ಇಟ್ಟುಕೊಂಡು ನೇತಾಡುವ ಅದಕ್ಕೆ ಬೇರೆ ಹೆಸರು ಒಪ್ಪದು. ಝುಮುಕಿ ತೂಗುತ್ತಿರುವ ಕೋಣೆಯಲ್ಲಿ ದನಿ ಎತ್ತಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಆದ್ದರಿಂದ ಗದಗಿನ ಅತ್ತೆಸೊಸೆಯರು ಪಿಸುದನಿಯಲ್ಲಿ ಜಗಳ ಆಡುವುದರಲ್ಲಿ ಜಿಲ್ಲೆಗೇ ಹೆಸರುವಾಸಿ.

ನಾವು ಹೆಚ್ಚಾಗಿ ಸಾಕುವುದು ನೀಲಿಹುಲಿ ಎಂಬ ಚಿಟ್ಟೆಯನ್ನು. ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ ಗೆರೆಗಳು. ಮುರಿದರೆ ಹಾಲು ಸುರಿಸುವ ಹಾಲುಬಳ್ಳಿಯ ಎಲೆ ಇದರ ಹುಳುವಿನ ಆಹಾರ. ನಿಮ್ಮ ಕಾಲದಲ್ಲಿ ಇವು ಮುಂಗಾರಿನ ಮೊದಲು ಪಶ್ಚಿಮದ ಘಟ್ಟಗಳಿಂದ ಬಯಲುಸೀಮೆಗೆ ಬಂದು, ಮಳೆ ನಿಂತ ಮೇಲೆ ಸಾಲುಗಟ್ಟಿ ಘಟ್ಟಗಳಿಗೆ ಮರಳುತ್ತಿದ್ದವು. ಬರಿಗಾಳಿಯ ವರ್ಷಗಳ ನಂತರ ಆ ಸಾಲನ್ನು ಯಾರೂ ಕಂಡಿರಲಿಲ್ಲ. ನೀಲಿಹುಲಿಗಳಿದ್ದವು, ಪ್ರಯಾಣವಿರಲಿಲ್ಲ. ಬಯಲಿನಲ್ಲೇ ಉಳಿದವು ಬೇಸಗೆಯಲ್ಲಿ ಒಣಗಿ ಉದುರುತ್ತಿದ್ದವು. ಹುಳಮನೆಗಳಲ್ಲಿ ಇಟ್ಟ ಮೊಟ್ಟೆಗಳಿಂದಲೇ ಮರುವರ್ಷ ಎಲ್ಲವೂ ಹೊಸದಾಗಿ ಶುರು.

ಝುಮುಕಿ ಒಡೆದು ರೆಕ್ಕೆ ಒಣಗಿದ ಮೇಲೆ ಹಿಂದಿನ ರೆಕ್ಕೆಗೆ ಸಣ್ಣದೊಂದು ಬಣ್ಣದ ಚುಕ್ಕೆ ಇಡುತ್ತೇವೆ. ಇದು ಮನೆಬೊಟ್ಟು, ಒಂದೊಂದು ಮನೆಗೆ ಒಂದೊಂದು ಬಣ್ಣ. ಬೆಳಗಿನ ತಂಪಿನಲ್ಲಿ ಚಿಟ್ಟೆಗಳನ್ನು ಬಾಗಿಲಿನಿಂದ ಹೊರಗೆ ಬಿಡುವ ದಿನವೇ ಬಾಗಿಲಹಬ್ಬ. ಹೊಸ್ತಿಲ ಮೇಲೆ ತಾಟಿನಲ್ಲಿ ಬೆಲ್ಲದ ನೀರು, ಅದರಲ್ಲಿ ಅದ್ದಿದ ಹತ್ತಿ, ಪಕ್ಕದಲ್ಲಿ ನೀಲಿಹುಲಿಗಳು ಮುತ್ತಿಕೊಳ್ಳುವ ಗಿಜಿಗಿಜಿ ಗಿಡದ ಒಂದು ಕೊಂಬೆ. ಬಿಸಿಲುಬಂದ್ ಶುರುವಾಗುವ ಮೊದಲು ತಾಟಿಗೆ ತಿರುಗಿ ಬಂದ ಚಿಟ್ಟೆ ಮನಿಮಗಳು. ಅದಕ್ಕೆ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾರೆ. ಮುಂದಿನ ವರ್ಷಕ್ಕೆ ಅದರ ಮೊಟ್ಟೆಯನ್ನೇ ಇಡುತ್ತಾರೆ. ಹೋದದ್ದು ಹೋಯಿತು. ಇದು ನಾಲ್ಕು ತಲೆಮಾರಿನಿಂದ ನಡೆದುಬಂದದ್ದು. ಇದರಲ್ಲಿ ತಪ್ಪು ಹುಡುಕಬೇಕೆಂದು ಯಾರಿಗೂ ಅನಿಸಿರಲಿಲ್ಲ. ಸಾಕಿದ್ದು ಸಾಕಿದವರ ಬಳಿಗೆ ಬರುವುದಕ್ಕಿಂತ ಸಂತೋಷ ಬೇರೇನಿದೆ?

ಬೆಟಗೇರಿಯಲ್ಲಿ ಮನಿಮಗಳು ಎಂದರೆ ಫಕ್ಕೀರವ್ವನ ಮನೆಯವೇ. ಫಕ್ಕೀರವ್ವನಿಗೆ ಎಪ್ಪತ್ತು ದಾಟಿದೆ. ಎತ್ತರದ ಹೆಂಗಸು, ದನಿ ಅದಕ್ಕಿಂತ ಎತ್ತರ. ಮಗ ಮುದಕಪ್ಪ ಮಗ್ಗ ನಡೆಸುತ್ತಾನೆ. ಮೊಮ್ಮಗಳು ಸಿದ್ಲಿಂಗಿ ಕಪ್ಪತಗುಡ್ಡದ ಗಾಳಿಕಂಬಗಳ ರೆಕ್ಕೆ ರಿಪೇರಿ ಮಾಡುವವಳು. ಇವರ ಮನೆಬೊಟ್ಟು ಕೆಂಪು. ಇವರು ಬಿಟ್ಟ ಚಿಟ್ಟೆಗಳಲ್ಲಿ ಹೆಚ್ಚಿನವು ತಿರುಗಿ ಬರುತ್ತಿದ್ದವು. ರೋಣದಿಂದ, ಮುಂಡರಗಿಯಿಂದ ಜನ ಬಂದು ಈ ಮನೆಯ ಮೊಟ್ಟೆ ಒಯ್ಯುತ್ತಿದ್ದರು. ಹೆಣ್ಣು ಕೊಡುವವರು ಕೂಡ ಆ ಮನೆಯಲ್ಲಿ ಫಕ್ಕೀರವ್ವನ ಮೊಟ್ಟೆ ಇದೆಯೇ ಎಂದು ಕೇಳುತ್ತಿದ್ದರು ಎಂದು ತಮಾಷೆ ಮಾಡುವುದಿದೆ.

ಪಕ್ಕದ ಮನೆ ಮೌಲಾಬಿಯದು. ಅವರ ಬೊಟ್ಟು ಹಸಿರು. ಕೆಲವು ವರ್ಷಗಳ ಹಿಂದೆ ಜೋರು ಮಳೆಗೆ ಅವರ ಹುಳಮನೆಯ ಗೋಡೆ ಕುಸಿದಿತ್ತು. ಕಟ್ಟಿಸುತ್ತೇನೆ ಎನ್ನುತ್ತಲೇ ಕಾಲ ಕಳೆದು, ಹುಳುಗಳನ್ನು ಹಿತ್ತಲಿನ ಬೇವಿನ ನೆರಳಲ್ಲಿ, ಬಳ್ಳಿಯ ಮೇಲೇ ಬಲೆ ಹೊದಿಸಿ ಸಾಕುತ್ತಿದ್ದಳು. ಕಣಜಗಳಿಗೆ, ಇರುವೆಗಳಿಗೆ ಒಂದಷ್ಟು ಹೋಗುತ್ತಿದ್ದವು. ಉಳಿದವು ಬಾಗಿಲಹಬ್ಬದ ದಿನ ಬಿಟ್ಟ ಕೂಡಲೇ ಮೇಲೇರಿ ಕಾಣೆಯಾಗುತ್ತಿದ್ದವು. ಒಂದೂ ತಾಟಿಗೆ ಬರುತ್ತಿರಲಿಲ್ಲ. ಮೌಲಾಬಿಗೆ ಇದು ದೊಡ್ಡ ಅವಮಾನ. ಬಳ್ಳಿಗೆ ಬೇಕಾದ ಮೊಟ್ಟೆಗಳನ್ನು ಪ್ರತಿ ವರ್ಷ ಹಬ್ಬದ ಮೊದಲೇ, ಬಲೆಯೊಳಗೆ ಇಟ್ಟಷ್ಟನ್ನು ಮಾತ್ರ ತೆಗೆದುಕೊಳ್ಳುತ್ತಿದ್ದಳು.

“ಏನಬೇ ಮೌಲಾ, ನಿನ್ನ ಮಕ್ಕಳು ಈ ಸರ್ತಿನೂ ಹೇಳದ ಕೇಳದ ಓಡಿ ಹೋದ್ವೇನ?” ಎಂದು ಫಕ್ಕೀರವ್ವ ಕಟ್ಟೆಯ ಮೇಲಿಂದ ಕೇಳುವುದು, “ಹೋದ್ವು ನೋಡಕ್ಕ. ಬೆಲ್ಲದ ನೀರು ನಾನ ಕುಡದು ತಾಟು ತೊಳದಿಟ್ಟೆ” ಎಂದು ಮೌಲಾಬಿ ಉತ್ತರ ಕೊಡುವುದು ಓಣಿಗೆ ವರ್ಷವರ್ಷದ ನಗೆಯಾಗಿತ್ತು.

ಹೋದ ವರ್ಷದ ಮಳೆಬಿಡುವಿನಲ್ಲಿ ಸಿದ್ಲಿಂಗಿ ಗುಡ್ಡದ ಅತಿ ಎತ್ತರದ ಕಂಬದ ಮೇಲೆ ಕೆಲಸದಲ್ಲಿದ್ದಳು. ಬೆಳಗಿನ ಗಾಳಿ ಬೀಸುತ್ತಿತ್ತು. ಅವಳ ಕಣ್ಣಮಟ್ಟದಲ್ಲೇ ನೀಲಿಹುಲಿಗಳು ಒಂದರ ಹಿಂದೆ ಒಂದು ಪಶ್ಚಿಮಕ್ಕೆ ಹೋಗುತ್ತಿದ್ದವು. ಹೆಚ್ಚೇನಿಲ್ಲ, ಬಿಡಿಬಿಡಿಯಾಗಿ. ರೆಕ್ಕೆ ಬಡಿಯದೆ ಗಾಳಿಯ ಮೇಲೆ ಕೂತವರ ಹಾಗೆ. ನೆಲದಲ್ಲಿ ನಿಂತವರಿಗೆ ಕಾಣದಷ್ಟು ಎತ್ತರ. ಒಂದೆರಡು ಕಂಬದ ಕಟಕಟೆಯ ಮೇಲೆ ದಣಿವಾರಿಸಿಕೊಳ್ಳಲು ಕೂತವು. ರೆಕ್ಕೆಯ ಮೇಲೆ ಹಸಿರು ಬೊಟ್ಟು. ಒಂದು ವಾರ ಅವಳು ದಿನವೂ ನೋಡಿದಳು. ಹಸಿರು ಬಂದವು, ಹಿತ್ತಲಿನಲ್ಲೇ ಸಾಕುವ ಇನ್ನೂ ಒಂದೆರಡು ಬಡಮನೆಗಳ ಬಣ್ಣ ಬಂದವು. ಕೆಂಪು ಒಂದೂ ಬರಲಿಲ್ಲ.

ಅವಳು ಅದನ್ನು ಹೇಳಿದ್ದು ಬಿಸಿಲುಬಂದ್‌ನಲ್ಲಿ, ಹುಳಮನೆಯಲ್ಲಿ. ಮೇಲೆ ಝುಮುಕಿಗಳು ತೂಗುತ್ತಿದ್ದುದರಿಂದ ನಡೆದ ಜಗಳವೆಲ್ಲ ಪಿಸುದನಿಯಲ್ಲೇ ನಡೆಯಿತು ಎಂದು ಮುದಕಪ್ಪ ನನಗೆ ಹೇಳಿದ್ದಾನೆ.

“ನಮ್ಮವು ಯಾಕ ಅಲ್ಲಿಗೆ ಬರ್ತಾವ? ಅವಕ್ಕ ಮನಿ ಐತಿ” ಎಂದಳು ಫಕ್ಕೀರವ್ವ.

“ಅದನ್ನ ನಾ ಹೇಳಾಕತ್ತಿದ್ದು ಆಯಿ. ಮನಿ ಐತಿ, ದಾರಿ ಇಲ್ಲ.”

“ದಾರಿ ಕಟಗೊಂಡು ಏನ ಮಾಡ್ತಿ? ಮೌಲಾನ್ವು ಹಾದಿಯಾಗ ಸತ್ತಿದ್ರ ನಿನಗೇನ ಗೊತ್ತು?”

“ಸತ್ತಿರಬಹುದು. ಆದ್ರ ಹೊಂಟಿದ್ವು. ನಾವು ಬಂದಾವ್ನ ಹಿಡ್ದು ಹಿಡ್ದು ತತ್ತಿ ಇಟ್ಗೊಂಡ್ವಿ. ಹೋಗೂ ಬುದ್ಧಿ ಇದ್ದಾವ್ನ ಬಿಟ್ವಿ. ಮುತ್ತಜ್ಜಿ ಕಾಲದಿಂದ ಹಂಗ ಮಾಡಿದ್ರ ಉಳದಿದ್ದು ಎಂಥಾವು?”

“ನನ್ನ ಹುಳ ದಡ್ಡ ಅಂತೀ ಏನ?”

“ಇಬ್ರೂ ಇನ್ನಟ ಮೆತ್ತಗ ಬೈದಾಡ್ರಿ” ಎಂದು ಮುದಕಪ್ಪ ಮೇಲಕ್ಕೆ ಬೆರಳು ತೋರಿಸಿದನಂತೆ.

ಸಿದ್ಲಿಂಗಿ ಹೇಳಿದ್ದನ್ನು ನಾನು ನಿಮ್ಮ ತಿಳಿವಳಿಕೆಗೆ ಸರಳವಾಗಿ ಹೇಳುತ್ತೇನೆ. ಹುಳು ಬೆಳೆಯುವಾಗ ಹೊರಗಿನ ಬೆಳಕು ಏರಿಳಿಯುವುದು, ರಾತ್ರಿ ತಣ್ಣಗಾಗುವುದು, ಗಾಳಿಯ ದಿಕ್ಕು ತಿರುಗುವುದು, ಇವೆಲ್ಲ ಅದರ ಮೈಗೆ ಪಾಠ. ಒಂದೇ ಹದದ ಕೋಣೆಯಲ್ಲಿ ಬೆಳೆದದ್ದಕ್ಕೆ ಆ ಪಾಠ ಸಿಗುವುದಿಲ್ಲ. ಅದರ ಮೇಲೆ ನಾವು ತಿರುಗಿ ಬಂದವನ್ನೇ ಆರಿಸಿ ಆರಿಸಿ ವಂಶ ಬೆಳೆಸಿದೆವು. ಪ್ರೀತಿಯಿಂದಲೇ ಮಾಡಿದೆವು. ಘಟ್ಟದ ತಂಪು ತಲುಪದ ನೀಲಿಹುಲಿಗೆ ಬಯಲಿನ ಬೇಸಗೆ ದಾಟಲಾಗದು. ಅಂದರೆ ಹುಳಮನೆಗಳು ಇರುವ ತನಕ ಅವು ಇರುತ್ತವೆ, ಹುಳಮನೆಗಳು ಮುಚ್ಚಿದ ವರ್ಷ ಅವೂ ಮುಗಿಯುತ್ತವೆ. ಜಿಲ್ಲೆಯ ಬಹುಪಾಲು ಮನೆಗಳಲ್ಲಿದ್ದದ್ದು ಫಕ್ಕೀರವ್ವನ ವಂಶದ ಮೊಟ್ಟೆ. ಆದ್ದರಿಂದ ಆ ವಂಶವನ್ನು ಅವಳು ಕೈಬಿಡದೆ ಬೇರೆ ಯಾರೂ ಬಿಡುತ್ತಿರಲಿಲ್ಲ. ಅವಳು ಕೈಬಿಟ್ಟರೆ ಅವಳ ಅಜ್ಜಿಯಿಂದ ಬಂದದ್ದು ಅವಳ ಕೈಯಲ್ಲೇ ಕೊನೆಯಾಗುತ್ತಿತ್ತು.

ಕಣ್ಣಾರೆ ನೋಡದೆ ನಂಬುವುದಿಲ್ಲ ಎಂದು ಫಕ್ಕೀರವ್ವ ಹಟ ಹಿಡಿದಳು. ಕಂಬ ಹತ್ತಲು ರಿಪೇರಿಯವರು ಬಳಸುವ ತೂಗುತೊಟ್ಟಿಲೊಂದು ಇದೆ. ಒಂದು ಬೆಳಿಗ್ಗೆ ಸಿದ್ಲಿಂಗಿ ಅಜ್ಜಿಯನ್ನೂ ಮೌಲಾಬಿಯನ್ನೂ ಅದರಲ್ಲಿ ಕೂರಿಸಿಕೊಂಡಳು. ಪತ್ರಿಕೆಯ ಪರವಾಗಿ ನಾನೂ ಹೋದೆ. ಎರಡೂ ಮನೆಯಲ್ಲಿ ಹೊಸದಾಗಿ ಝುಮುಕಿ ಒಡೆದು ಬಂದ ಚಿಟ್ಟೆಗಳು ಕಾಗದದ ಮಡಿಕೆಗಳಲ್ಲಿ, ಒದ್ದೆ ಬಟ್ಟೆ ಹಾಸಿದ ಬುಟ್ಟಿಗಳಲ್ಲಿದ್ದವು. ತೊಟ್ಟಿಲು ಮೇಲೇರುತ್ತಿದ್ದಂತೆ ಮೌಲಾಬಿ ಕಣ್ಣು ಮುಚ್ಚಿ ಫಕ್ಕೀರವ್ವನ ತೋಳು ಹಿಡಿದುಕೊಂಡಳು.

“ಕೈ ಬಿಡಬೇ, ನನ್ನ ಗಾಜಿನ ಬಳಿ ಒಡೀತಿ.”

“ನೀ ಬಿಡಸ್ಕೋ, ನಾ ಬಿಡಾಕಿ ಅಲ್ಲ.”

ಮೇಲೆ ಗಾಳಿ ಪಶ್ಚಿಮದ ಕಡೆಗೇ ತಳ್ಳುತ್ತಿತ್ತು. ಮೊದಲು ಹಸಿರು ಬೊಟ್ಟಿನವನ್ನು ಬಿಟ್ಟರು. ಅವು ಕಂಬದ ಸುತ್ತ ಒಂದೆರಡು ಸುತ್ತು ಹಾಕಿ, ಎತ್ತರ ಹಿಡಿದು, ರೆಕ್ಕೆ ಚಾಚಿ, ಗುಡ್ಡದ ಸಾಲಿನ ಮೇಲೆ ಹಾದು ಹೋದವು. ಕಾಣುವ ತನಕ ನೋಡಿದೆವು. ಮೌಲಾಬಿ ತನ್ನ ಚಿಟ್ಟೆಗಳು ಎಲ್ಲಿಗೆ ಹೋಗುತ್ತವೆಂದು ಮೊದಲ ಸಲ ಕಂಡಿದ್ದಳು. ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು.

ಆಮೇಲೆ ಫಕ್ಕೀರವ್ವ ತನ್ನ ಬುಟ್ಟಿ ತೆರೆದಳು. ಕೆಂಪು ಬೊಟ್ಟಿನವು ಒಟ್ಟಿಗೆ ಮೇಲೆದ್ದವು, ಹರಡಿಕೊಂಡವು, ನೋಡಲು ಇವೇ ಹೆಚ್ಚು ಚೆಂದ, ಇವೇ ಹೆಚ್ಚು ದಷ್ಟಪುಷ್ಟ. ಒಂದು ಕ್ಷಣ ಗಾಳಿಯಲ್ಲಿ ತೂಗಾಡಿ ಎಲ್ಲವೂ ತಿರುಗಿದವು. ಅವಳ ಹೆಗಲ ಮೇಲೆ, ಇಳಕಲ್ ಸೀರೆಯ ಸೆರಗಿನ ಮೇಲೆ, ಬಿಳಿಗೂದಲಿನ ಮೇಲೆ ಬಂದು ಕೂತವು. ಒಂದಂತೂ ಕನ್ನಡಕದ ಅಂಚಿನ ಮೇಲೆ. ಕಂಬದ ಕೆಲಸಗಾರರು ಚಪ್ಪಾಳೆ ತಟ್ಟಿದರು. ನನ್ನ ವೃತ್ತಿಯಲ್ಲಿ ಅಷ್ಟು ಸುಂದರವಾದ ದೃಶ್ಯವನ್ನು ನಾನು ಇನ್ನೊಂದು ಕಂಡಿಲ್ಲ.

“ಬಂದ್ರೇನ ನನ್ನವ್ವಾರ” ಎಂದು ಫಕ್ಕೀರವ್ವ ನಕ್ಕಳು.

ಹೆಗಲಿನಿಂದ ಒಂದನ್ನು ಬೆರಳಿಗೆ ಹತ್ತಿಸಿಕೊಂಡು ಪಶ್ಚಿಮಕ್ಕೆ ಹಾರಿಸಿದಳು. ಅದು ಸುತ್ತಿ ಬಂದು ಅದೇ ಹೆಗಲಿಗೆ ಕೂತಿತು. ಮತ್ತೆ ಹಾರಿಸಿದಳು, ಮತ್ತೆ ಬಂತು. ಕೈ ಬೀಸಿ, ಊದಿ, ಕಟಕಟೆಯ ಆಚೆಗೆ ಬಾಗಿ ಹಾರಿಸಿದಳು. ಸಿದ್ಲಿಂಗಿ ಹಿಂದಿನಿಂದ ಅವಳ ಸೀರೆ ಹಿಡಿದುಕೊಂಡಿದ್ದಳು. ಚಿಟ್ಟೆ ಬಂದು ಈ ಸಲ ಅವಳ ಕೆನ್ನೆಯ ಮೇಲೆ ಕೂತಿತು. ನಗು ಅಷ್ಟರಲ್ಲಿ ಆರಿಹೋಗಿತ್ತು.

“ಇವಕ್ಕ ಗಾಳಿನ ಗೊತ್ತಿಲ್ಲಲ್ಲ” ಎಂದಳು, ಯಾರಿಗೆ ಎಂದಿಲ್ಲದೆ. “ಅಂಗೈಯಾಗ ಇಟಗೊಂಡು ಬೆಳಸಿದ್ನಿ, ಗಾಳಿ ಒಂದು ತೋರ್ಸಲಿಲ್ಲ.”

ಮೌಲಾಬಿಗೆ ಆ ದಿನ ಹಳೆಯ ಲೆಕ್ಕವನ್ನೆಲ್ಲ ಚುಕ್ತಾ ಮಾಡುವ ಅವಕಾಶವಿತ್ತು. ಅದನ್ನು ಬಿಟ್ಟು ಅವಳು ಫಕ್ಕೀರವ್ವನ ಕನ್ನಡಕದ ಮೇಲಿದ್ದ ಚಿಟ್ಟೆಯನ್ನು ಮೆಲ್ಲಗೆ ತೆಗೆದು ಬುಟ್ಟಿಗೆ ಬಿಟ್ಟಳು. ಉಳಿದವನ್ನು ಕೊಡವಲು ಫಕ್ಕೀರವ್ವ ಒಪ್ಪಲಿಲ್ಲ. ಮೈತುಂಬ ಚಿಟ್ಟೆ ಹೊತ್ತುಕೊಂಡೇ ಕೆಳಗಿಳಿದು, ಓಣಿಯ ಮಕ್ಕಳ ಮೆರವಣಿಗೆಯಲ್ಲಿ ಮನೆ ಸೇರಿದಳು.

ಅವಳು ಆ ಕೂಡಲೇ ಮನಸ್ಸು ಬದಲಿಸಿದಳು ಎಂದು ಬರೆದರೆ ಸುಳ್ಳಾಗುತ್ತದೆ. ವಾರಗಟ್ಟಲೆ ಮೊಮ್ಮಗಳ ಜೊತೆ ಮಾತು ಬಿಟ್ಟಳು. ಸಿಂಬಿ ಸುತ್ತಿ ಇಟ್ಟ ಹಾಗೆ ಮುದುಡಿ ಹುಳಮನೆಯಲ್ಲೇ ಕೂತಿರುತ್ತಿದ್ದಳು. ತಿರುಗಿ ಬಂದ ಚಿಟ್ಟೆಗಳಿಗೆ ಬೆಲ್ಲದ ನೀರು ಇಡುತ್ತಿದ್ದಳು. ಆದರೆ ಕೋಣೆಗೆ ಹಾಲುಬಳ್ಳಿ ತರುವುದನ್ನು ನಿಲ್ಲಿಸಿದ್ದಳು. ಬಳ್ಳಿ ಇಲ್ಲದೆ ನೀಲಿಹುಲಿ ಮೊಟ್ಟೆ ಇಡುವುದಿಲ್ಲ. ಮನೆಯವರಿಗೆ ಇದು ಅರ್ಥವಾಗಲು ಕೆಲವು ದಿನ ಬೇಕಾಯಿತು. ಆ ಕೊನೆಯ ಚಿಟ್ಟೆಗಳು ತಮ್ಮ ಆಯುಷ್ಯ ಮುಗಿಯುವ ತನಕ ಅವಳ ಕೈಮೇಲೆ, ಭುಜದ ಮೇಲೆ ಕೂತು ಬಾಳಿದವು. ಅವಳು ಒಂದನ್ನೂ ಹೊರಗೆ ಅಟ್ಟಲಿಲ್ಲ.

ಆಮೇಲೆ ಒಂದು ಮುಂಜಾನೆ ಮೌಲಾಬಿಯ ಬಾಗಿಲಿಗೆ ಹೋದಳು. ಓಣಿಯವರೆಲ್ಲ ಕಟ್ಟೆಯ ಮೇಲಿದ್ದರು.

“ನಾಕು ತತ್ತಿ ಕೊಡಬೇ.”

“ಯಾವ ತತ್ತಿ ಅಕ್ಕ?”

“ನಿನ್ನ ಬಳ್ಳಿ ಮ್ಯಾಲಿನ್ವು.”

“ಓಡಿ ಹೋಗೂ ಮಕ್ಕಳು ನಿನಗ ಯಾಕ? ಛಲೋ ಮನಿತನದ್ದು ನೋಡಲ್ಲ.”

“ಕೊಡ್ತೀಯೋ, ನಿನ್ನ ಮುಂದ ಸೆರಗು ಒಡ್ಡಬೇಕೋ?”

“ಒಡ್ಡು, ನೋಡೂಣು. ಭಾಳ ವರ್ಷದಿಂದ ಆಸೆ ಐತಿ.”

ಫಕ್ಕೀರವ್ವ ನಿಜವಾಗಿಯೇ ಸೆರಗು ಒಡ್ಡಿದಳು. ಮೌಲಾಬಿ ನಗುತ್ತಾ ಒಳಗೆ ಹೋದವಳು ಹೊರಗೆ ಬರುವಾಗ ನಗುತ್ತಿರಲಿಲ್ಲ. ಮೊಟ್ಟೆ ಇದ್ದ ಎಲೆಗಳನ್ನು ಎರಡೂ ಕೈಯಲ್ಲಿ ತಂದು ಆ ಸೆರಗಿಗೆ ಹಾಕಿದಳು.

ಊರಲ್ಲಿ ಎಲ್ಲರೂ ಇದನ್ನು ಮೆಚ್ಚಲಿಲ್ಲ ಎಂಬುದನ್ನೂ ವರದಿ ಮಾಡಬೇಕು. ಹಿರಿಯರ ವಂಶವನ್ನು ಕೈಯಾರೆ ಮುಗಿಸಿದಳು ಎಂದು ಅಂದವರಿದ್ದಾರೆ. ಅವಳ ಮೊಟ್ಟೆ ಒಯ್ದ ಎಷ್ಟೋ ಮನೆಗಳಲ್ಲಿ ಈಗಲೂ ಮನಿಮಗಳಿಗೆ ಆರತಿ ಎತ್ತುತ್ತಾರೆ. ಕೆಲವರು ಸಾಕುವುದನ್ನು ಹಿತ್ತಲಿಗೆ ತಂದಿದ್ದಾರೆ, ಕೆಲವರು ಕಾದು ನೋಡುತ್ತಿದ್ದಾರೆ.

ಈ ವರ್ಷ ಫಕ್ಕೀರವ್ವ ಹಿತ್ತಲಿನಲ್ಲಿ ಬಳ್ಳಿ ಹಬ್ಬಿಸಿ, ಬಲೆ ಕಟ್ಟಿ ಸಾಕಿದಳು. ಹೊರಗೆ ಸಾಕುವುದು ಸುಲಭವಾಗಿರಲಿಲ್ಲ. ಬಿಸಿಲಿಗೆ ಎಳೆಯ ಹುಳುಗಳು ಸತ್ತವು, ಕಣಜ ಕೊಂಡೊಯ್ದವು. ಒಂದೊಂದಕ್ಕೂ ಅವಳು ಊರಿಗೆಲ್ಲ ಕೇಳುವ ಹಾಗೆ ಬೈದಳು. ಹೊರಗೆ ದನಿ ಎತ್ತಬಾರದೆಂಬ ಕಟ್ಟು ಇಲ್ಲವಲ್ಲ. ಬಿಸಿಲುಬಂದ್ ಮುರಿದು, ಛತ್ರಿ ಹಿಡಿದು ಬಳ್ಳಿಗೆ ಒದ್ದೆ ಗೋಣಿ ಹೊದಿಸಲು ಹೋಗಿ ಮಗನ ಕೈಯಲ್ಲಿ ಬೈಸಿಕೊಂಡಳು. ಕೊನೆಗೆ ಉಳಿದವು ಕಡಿಮೆ. ಅವಕ್ಕೆ ತನ್ನ ಕೈಯಿಂದಲೇ ಕೆಂಪು ಬೊಟ್ಟು ಇಟ್ಟಳು.

ಅವಳ ಬಾಗಿಲಹಬ್ಬ ನಿನ್ನೆ ನಡೆಯಿತು. ನೋಡಲು ಓಣಿ ತುಂಬ ಜನ. ಹೊಸ್ತಿಲ ಮೇಲೆ ತಾಟು ಇರಲಿಲ್ಲ. ಬುಟ್ಟಿ ತೆರೆದ ಕೂಡಲೇ ಚಿಟ್ಟೆಗಳು ಮಾಳಿಗೆಯ ಮಟ್ಟಕ್ಕೇರಿ, ಬೇವಿನ ತುದಿ ದಾಟಿ, ಸಣ್ಣ ಚುಕ್ಕೆಗಳಾಗಿ ಕಾಣೆಯಾದವು. ಹೊತ್ತು ಏರಿತು, ಜನ ಚದುರಿದರು, ಬಂದ್‌ನ ಗಂಟೆ ಹೊಡೆಯಿತು. ಫಕ್ಕೀರವ್ವ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಒಂದೂ ಬರಲಿಲ್ಲ. ತಾಯಿಯ ಮುಖ ನೋಡಲಾರದೆ ಮುದಕಪ್ಪ ಕದದ ಹಿಂದೆ ಒಂದು ಬಟ್ಟಲು ಬೆಲ್ಲದ ನೀರು ಬಚ್ಚಿಟ್ಟಿದ್ದ. ಅದು ಅವಳ ಕಣ್ಣಿಗೆ ಬಿತ್ತು. ಎತ್ತಿಕೊಂಡು ಹೋಗಿ ಹಾಲುಬಳ್ಳಿಯ ಬುಡಕ್ಕೆ ಸುರಿದು ಬಂದಳು.

ಆಗ ಗುಡ್ಡದಿಂದ ಸಿದ್ಲಿಂಗಿಯ ಫೋನ್ ಕರೆ ಬಂತು. ಗಾಳಿಯ ಸದ್ದಿನಲ್ಲಿ ಅವಳು ಕೂಗುತ್ತಿದ್ದಳು. “ಆಯಿ, ಕೆಂಪು ಹೊಂಟಾವ! ಕೆಂಪು, ಹಸಿರು ಕೂಡೇ ಹೊಂಟಾವ!”

“ಎತ್ತಾಗ?”

“ಪಡುವಲಕ್ಕ. ಗುಡ್ಡ ದಾಟಿದ್ವು.”

ಫಕ್ಕೀರವ್ವ ಪಶ್ಚಿಮದತ್ತ ಹೊರಳಿ ನಿಂತಳು. “ತಿರುಗಿ ನೋಡಿದ್ವೇನ?”

“ಇಲ್ಲ ಆಯಿ.”

“ಒಂದೂ?”

“ಒಂದೂ ಇಲ್ಲ.”

“ಛಲೋ ಆತು” ಎಂದಳು. ರೊಟ್ಟಿ ಹಾಕು ಎಂದು ಮಗನಿಗೆ ಹೇಳಿ, ಕದ ಮುಂದಕ್ಕೆ ಮಾಡಿ ಒಳಗೆ ಹೋದಳು.

ಅವು ಘಟ್ಟ ತಲುಪುತ್ತವೆಯೇ, ಅವುಗಳ ಮಕ್ಕಳು ಮುಂದಿನ ಮುಂಗಾರಿನ ಮೊದಲು ಇತ್ತ ಬರುತ್ತವೆಯೇ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವ ಅಭ್ಯಾಸ ನಮ್ಮ ಪತ್ರಿಕೆಗಿಲ್ಲ. ಹೊರಟದ್ದು ಮಾತ್ರ ಖಚಿತ.

ನಿಮ್ಮಲ್ಲಿ ಒಂದೇ ಕೋರಿಕೆ. ಸಾಕುವುದನ್ನು ನಿಲ್ಲಿಸಬೇಡಿ. ನೀವು ನಿಲ್ಲಿಸಿದರೆ ಈ ಕಾಗದ ಬರೆಯುವುದಕ್ಕೆ ನನಗೆ ವಿಷಯವೇ ಇರುವುದಿಲ್ಲ. ಆದರೆ ಸಾಧ್ಯವಾದಷ್ಟೂ ಹೊರಗೆ ಸಾಕಿ, ಗಿಡದ ಮೇಲೇ ಸಾಕಿ. ಮುಂಜಾನೆಯ ಚಳಿ, ಸಂಜೆಯ ಬೆಳಕು ಅದಕ್ಕೂ ತಾಗಲಿ. ಕೆಲವು ಹೋಗುತ್ತವೆ, ನೋವಾಗುತ್ತದೆ, ಮಕ್ಕಳು ಅಳುತ್ತಾರೆ. ಅಳಲಿ. ರೆಕ್ಕೆ ಬಂದ ದಿನ ಕಿಟಕಿ ತೆರೆದು ಮನೆಮಂದಿಯೆಲ್ಲ ಒಟ್ಟಿಗೆ ನಿಂತು ನೋಡಿ, ಕೈ ಬೀಸಿ, ಅಲ್ಲಿಗೆ ಬಿಟ್ಟುಬಿಡಿ. ಎಲ್ಲಿಗೆ ಹೋಯಿತೋ, ಉಳಿಯಿತೋ ಇಲ್ಲವೋ ಎಂದು ಆ ರಾತ್ರಿ ಊಟಕ್ಕೆ ಕೂತಾಗ ಮಗು ಕೇಳುತ್ತದೆ. ಆಗ ಹೇಳಿ: ನಿಮ್ಮ ಕಿಟಕಿಯಿಂದ ಹೋದವು ನಮ್ಮ ತನಕ ಬಂದಿವೆ.

ನಿಮ್ಮ ಋಣದಲ್ಲಿರುವ
ಅಂದಾನಪ್ಪ ಸೂಡಿ
ವರದಿಗಾರ, ಬೆಟಗೇರಿ ಬೆಳಗು